ಬಿಟ್ಟ ದನ, ನೆರೆಯವರ ಬೆಳೆ



ರಾಗಿ ಕೊಯ್ಲು ಮುಗಿದೊಡನೆ ದನಕರುಗಳನ್ನು ಹೊಲಕ್ಕೆ ಬಿಡುವುದು ಹಳೆಯ ಮೈಸೂರು ಸೀಮೆಯಲ್ಲಿ ಹಿಂದಿನಿಂದ ಬಂದ ವಾಡಿಕೆ. ಕೂಳೆ ಮೇಯಲು ಸಾಮಾನ್ಯವಾಗಿ ಯಾರೂ ಅಡ್ಡಿ ಹೇಳುವುದಿಲ್ಲ. ಆದರೆ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕಿದವರ ಹೊಲದಲ್ಲಿ ಬೆಳೆ ಇನ್ನೂ ನಿಂತಿರುತ್ತದೆ. ಅವರೆ ಹೂ ಬಿಟ್ಟು ಕಾಯಿ ಕಟ್ಟುವ ಕಾಲವೂ ಅದೇ. ನಾಲ್ಕು ದನ ಒಂದು ರಾತ್ರಿ ನುಗ್ಗಿದರೆ ಸಣ್ಣ ಹಿಡುವಳಿದಾರನ ಮನೆಯ ವರ್ಷದ ಕಾಳು ಹೋದಂತೆಯೇ. ಊರಿನಲ್ಲಿ ಎಷ್ಟೋ ಮನೆಗಳ ನಡುವೆ ಮಾತು ನಿಂತುಹೋಗುವುದು ಇಂತಹ ಒಂದು ರಾತ್ರಿಯಿಂದಲೇ.

ಹೀಗೆ ಬಿಡುವುದರಿಂದ ನಷ್ಟ ನೆರೆಯವರಿಗೆ ಮಾತ್ರವಲ್ಲ, ದನದ ಒಡೆಯನಿಗೂ ಉಂಟು. ಎಳೆಯ ಜೋಳದಲ್ಲಿ, ಅದರಲ್ಲೂ ಮಳೆಯಿಲ್ಲದೆ ಬಾಡಿದ ಜೋಳ ಮತ್ತು ಜೋಳದ ಕೂಳೆಯ ಚಿಗುರಿನಲ್ಲಿ ಸೈನೈಡ್ ವಿಷವಿರುತ್ತದೆ. ಹಸಿದ ದನ ಅದನ್ನು ಹೊಟ್ಟೆ ತುಂಬ ಮೇದರೆ ಸ್ವಲ್ಪ ಹೊತ್ತಿನಲ್ಲಿಯೇ ಸಾಯಬಹುದು. ಹಸಿ ಅಲಸಂದೆ, ಕುದುರೆ ಮಸಾಲೆ ಸೊಪ್ಪನ್ನು ಅತಿಯಾಗಿ ತಿಂದರೆ ಹೊಟ್ಟೆಯುಬ್ಬರ ಬರುತ್ತದೆ. ಕಣದ ರಾಶಿಗೆ ಬಾಯಿ ಹಾಕಿದ ದನಕ್ಕೆ ಹುಳಿ ಅಜೀರ್ಣವಾಗುತ್ತದೆ. ಔಷಧಿ ಸಿಂಪಡಿಸಿದ ಹೊಲವಾದರೆ ಅಪಾಯ ಇನ್ನೂ ಹೆಚ್ಚು. ಇಂತಹ ಸಂದರ್ಭಗಳಲ್ಲಿ ತಡಮಾಡದೆ ಪಶುವೈದ್ಯರನ್ನು ಕರೆಸತಕ್ಕದ್ದು.

ದನ ಕಳ್ಳತನ ಕಲಿಯುವುದು ಹಸಿವಿನಿಂದ. ಸುಮಾರು 400 ಕಿಲೋಗ್ರಾಂ ತೂಕದ ಹಸುವಿಗೆ ದಿನಕ್ಕೆ ಸುಮಾರು 10 ಕಿಲೋಗ್ರಾಂ ಒಣ ಪದಾರ್ಥ ಬೇಕು. ಅಂದರೆ 20ರಿಂದ 25 ಕಿಲೋಗ್ರಾಂ ಹಸಿಮೇವು ಮತ್ತು 5ರಿಂದ 6 ಕಿಲೋಗ್ರಾಂ ರಾಗಿಹುಲ್ಲು ಕೊಟ್ಟರೆ ಹೊಟ್ಟೆ ತುಂಬುತ್ತದೆ. ಬಚ್ಚಲ ನೀರು ಹರಿಯುವ ಕಡೆ ಒಂದೆರಡು ಸಾಲು ಹೈಬ್ರಿಡ್ ನೇಪಿಯರ್ ಹುಲ್ಲು, ಬದುಗಳ ಮೇಲೆ ಗ್ಲಿರಿಸಿಡಿಯಾ ಬೆಳೆಸಿದರೆ ಮೇವಿಗೂ ಆಯಿತು, ಬೇಲಿಗೂ ಆಯಿತು. ಮೇವಿನ ಕೊರತೆಯಿದ್ದವರು ದನಗಳ ಸಂಖ್ಯೆಯನ್ನು ಮೇವಿಗೆ ತಕ್ಕಂತೆ ಇಟ್ಟುಕೊಳ್ಳುವುದು ಲೇಸು.

ದನಗಳನ್ನು ಮೇಯಿಸಲು ಆಳು ಇಲ್ಲದ ದಿನ ಉದ್ದ ಹಗ್ಗದಿಂದ ಗೂಟಕ್ಕೆ ಕಟ್ಟಿ, ನೆರಳು ಮತ್ತು ನೀರು ಒದಗಿಸಬೇಕು. ಬೆಳೆಯ ನಡುವಿನ ದಾರಿಯಲ್ಲಿ ಹೊಡೆದುಕೊಂಡು ಹೋಗುವಾಗ ಬಾಯಿಗೆ ಕುಕ್ಕೆ ಹಾಕಬೇಕು. ಆಡುಗಳು ಹಿಪ್ಪುನೇರಳೆಯ ಚಿಗುರನ್ನೂ ತೆಂಗಿನ ಎಳೆ ಸಸಿಯನ್ನೂ ಬಿಡುವುದಿಲ್ಲವಾದ್ದರಿಂದ ಅವುಗಳ ಮೇಲೆ ಸದಾ ಒಂದು ಕಣ್ಣಿರಲಿ.

ಕೊಟ್ಟಿಗೆಯಿಂದಲೂ ನೆರೆಯವರಿಗೆ ತೊಂದರೆಯಾಗಬಾರದು. ತಿಪ್ಪೆಗುಂಡಿ ಪಕ್ಕದವರ ಬಾವಿ, ಅಡಿಗೆಮನೆಗಳಿಂದ ದೂರವಿರಲಿ. ಸಗಣಿಯನ್ನು ಪ್ರತಿದಿನ ಗುಂಡಿಗೆ ಹಾಕಿ ಮೇಲೆ ಮಣ್ಣು ಹರಡಿದರೆ ನೊಣ, ವಾಸನೆ ಕಡಿಮೆಯಾಗುವುದಲ್ಲದೆ ಗೊಬ್ಬರದ ಸಾರವೂ ಉಳಿಯುತ್ತದೆ. ಗಂಜಲ ಬೀದಿಗೆ ಹರಿಯದಂತೆ ಕಾಲುವೆ ಮಾಡಿ ಅದೇ ಗುಂಡಿಗೆ ಸೇರಿಸುವುದು ಉತ್ತಮ. ಕಾಲುಬಾಯಿ ಜ್ವರ ಬಂದ ದನವನ್ನು ಊರ ಮಂದೆಗಾಗಲಿ, ಕೆರೆಗಾಗಲಿ ಬಿಡಲೇಬಾರದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ರೋಗಕ್ಕೆ ಲಸಿಕೆ ಹಾಕಲಾಗುತ್ತದೆ. ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಬೇಕು. ದನದ ಕಿವಿಗೆ ಹಾಕುವ 12 ಅಂಕಿಗಳ ಓಲೆಯಿಂದ ತಪ್ಪಿಸಿಕೊಂಡ ದನದ ಒಡೆಯನನ್ನು ಪತ್ತೆಮಾಡುವುದೂ ಸುಲಭ.

ಇಷ್ಟಾದರೂ ದನ ನುಗ್ಗಿದರೆ ಬೆಳೆಯವರು ಏನು ಮಾಡಬೇಕು? ಕೋಪದಲ್ಲಿ ದನವನ್ನು ಬಡಿಯುವುದು, ಕಾಲು ಮುರಿಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಮೊದಲು ಒಡೆಯನಿಗೆ ಹೇಳಿ ಕಳುಹಿಸಿ, ಇಬ್ಬರೂ ಹೊಲದಲ್ಲಿ ನಿಂತು ನಷ್ಟ ನೋಡುವುದು ಒಳ್ಳೆಯದು. ಅದರಿಂದ ಬಗೆಹರಿಯದಿದ್ದರೆ ದನವನ್ನು ದೊಡ್ಡಿಗೆ ಸೇರಿಸಲು ಕಾನೂನಿನಲ್ಲಿ ಅವಕಾಶವಿದೆ. ಅಲ್ಲಿಂದ ಬಿಡಿಸಿಕೊಳ್ಳಬೇಕಾದರೆ ಒಡೆಯ ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಬೇಕಾಗುತ್ತದೆ.

ತಪ್ಪು ಯಾರದೆಂದು ಗೊತ್ತಿದ್ದಾಗ ಕೇಳುವ ಮೊದಲೇ ಎರಡು ಸೇರು ಅವರೆ ಅಳೆದುಕೊಟ್ಟ ಒಡೆಯನಿಗೆ ನಷ್ಟವೇನೂ ಇಲ್ಲ. ಬಿತ್ತನೆಯ ದಿನ ಜೋಡೆತ್ತು ಬೇಕಾದಾಗ ಹೋಗಬೇಕಾದದ್ದು ಅದೇ ನೆರೆಮನೆಗೆ. ಆದ್ದರಿಂದ ಈ ಸಲ ರಾಗಿ ಕೊಯ್ದ ಮೇಲೆ ದನ ಬಿಡುವ ಮುನ್ನ ಪಕ್ಕದ ಹೊಲದಲ್ಲಿ ಏನು ನಿಂತಿದೆಯೆಂದು ನೋಡಿ, ಅವರೆ ಬಿಡಿಸಿ ಮುಗಿಯುವವರೆಗೆ ಕಾಯಿರಿ.