ವೆಟ್‌ಸೂಟ್ ತೊಟ್ಟು ಗಾಳ ಹಾಕುವವರು: ಮಾಂಟಾಕ್ ಬಂಡೆಗಳ ಚರಿತ್ರೆ

ಈಗ ನೀವು ನೋಡುತ್ತಿರುವುದು ಅಮೆರಿಕದ ಲಾಂಗ್ ಐಲ್ಯಾಂಡಿನ ಪೂರ್ವದ ತುತ್ತತುದಿ, ಮಾಂಟಾಕ್. ಅಕ್ಟೋಬರ್ ತಿಂಗಳ ನಡುರಾತ್ರಿ. ದಡದಿಂದ ನೂರಡಿ ಆಚೆ, ನೊರೆಯ ನಡುವೆ ಒಂದು ಬಂಡೆ. ಬಂಡೆಯ ಮೇಲೆ ಕಪ್ಪು ರಬ್ಬರ್ ಉಡುಪಿನಲ್ಲಿ ಒಬ್ಬ ಮನುಷ್ಯ, ಕೈಯಲ್ಲಿ ಹತ್ತಡಿಯ ಗಾಳದ ಕೋಲು. ದೋಣಿ ಎಲ್ಲಿ ಎಂದು ಹುಡುಕಬೇಡಿ, ಅವನು ಈಜಿಕೊಂಡು ಹೋಗಿದ್ದಾನೆ. ಉಬ್ಬರ ಏರುವ ಮುಂಚೆ ಈಜಿಕೊಂಡೇ ವಾಪಸ್ ಬರಬೇಕು.

ಇಂಥವರನ್ನು ಅಲ್ಲಿ ವೆಟ್‌ಸೂಟರ್‌ಗಳು ಎನ್ನುತ್ತಾರೆ. ಗಾಳ ಹಾಕುವವನು ದಡ ಬಿಟ್ಟು ಆ ಬಂಡೆ ಮುಟ್ಟುವುದಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಆ ನೂರು ವರ್ಷದಲ್ಲಿ ಯಾವ ಸಾಮಾನು ಯಾವಾಗ ಬಂತು, ಪ್ರತಿ ಹೊಸ ಸಾಮಾನೂ ಮನುಷ್ಯನನ್ನು ಕಡಲಿನೊಳಕ್ಕೆ ಇನ್ನಷ್ಟು ದೂರ ಕರೆದೊಯ್ದಾಗ ಅವನ ಜೀವದ ಕಾವಲು ಏಕೆ ಹಿಂದೆಯೇ ಉಳಿಯಿತು, ಇವತ್ತು ಅದನ್ನು ನೋಡೋಣ.

ಮೊದಲು ಮೀನಿನ ಬಗ್ಗೆ ಎರಡು ಮಾತು. ಇಷ್ಟೆಲ್ಲ ಸಾಹಸ ನಡೆಯುವುದು ಸ್ಟ್ರೈಪ್ಡ್ ಬಾಸ್ ಎಂಬ ಮೀನಿಗಾಗಿ. ಬೆಳ್ಳಿ ಬಣ್ಣದ ಮೈ, ಪಕ್ಕೆಯುದ್ದಕ್ಕೂ ಏಳೆಂಟು ಕಪ್ಪು ಗೆರೆ. ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳು, ಹಡ್ಸನ್ ನದಿ ಮುಂತಾದ ಕಡೆ ಸಿಹಿನೀರಿನಲ್ಲಿ ಮೊಟ್ಟೆ ಇಡುತ್ತದೆ, ಬೇಸಿಗೆಗೆ ಉತ್ತರಕ್ಕೆ ಹೋಗುತ್ತದೆ, ಚಳಿ ಹತ್ತಿರವಾದಾಗ ದಕ್ಷಿಣಕ್ಕೆ ಮರಳುತ್ತದೆ. ಆ ಮರಳುವ ದಾರಿಯಲ್ಲಿ ಮಾಂಟಾಕ್ ಸಿಗುತ್ತದೆ. ಅಲೆ ಬಂಡೆಗೆ ಬಡಿದು ನೀರು ಕುದಿಯುವ ಕಡೆ ಸಣ್ಣ ಮೀನುಗಳು ದಿಕ್ಕು ತಪ್ಪುತ್ತವೆ. ದೊಡ್ಡ ಬಾಸ್‌ಗಳು ಕತ್ತಲಾದ ಮೇಲೆ ಬೇಟೆಗೆ ಬರುವುದು ಅಲ್ಲಿಗೇ. ಅಂದರೆ ಮನುಷ್ಯ ಕಾಲೂರಲು ಅತಿ ಕಷ್ಟಪಡುವ ಜಾಗ ಯಾವುದೋ ಆ ಮೀನಿಗೆ ಹೊಟ್ಟೆ ತುಂಬುವುದೂ ಅಲ್ಲೇ. ಈ ಮುಂದಿನ ಚರಿತ್ರೆಯೆಲ್ಲ ಹುಟ್ಟಿದ್ದು ಇದೊಂದು ಕಾರಣದಿಂದ.

ಆ ಬಂಡೆಗಳಾದರೂ ಅಲ್ಲಿಗೆ ಹೇಗೆ ಬಂದವು? ಹಿಮಯುಗದಲ್ಲಿ ಹಿಮನದಿಗಳು ಉತ್ತರದಿಂದ ಕಲ್ಲುಮಣ್ಣು ತಳ್ಳಿಕೊಂಡು ಬಂದು ಸುರಿದ ರಾಶಿಯೇ ಮಾಂಟಾಕ್. ಸಮುದ್ರ ಮಣ್ಣನ್ನು ತೊಳೆದು ಒಯ್ಯುತ್ತದೆ, ಬಂಡೆ ನೀರಲ್ಲೇ ಉಳಿಯುತ್ತದೆ. 1796ರಲ್ಲಿ ಅಲ್ಲಿನ ದೀಪಸ್ತಂಭ ಕಟ್ಟಿ ಮುಗಿಸಿದಾಗ ಅದು ದಿಬ್ಬದ ಅಂಚಿನಿಂದ ಸುಮಾರು 300 ಅಡಿ ಒಳಗಿತ್ತು. ಈಗ ಉಳಿದಿರುವುದು 100 ಅಡಿ ಆಸುಪಾಸು. ಕುಸಿದ ದಿಬ್ಬದ ಮೂಳೆಗಳ ಮೇಲೆ ಇವತ್ತು ಗಾಳದವರು ನಿಲ್ಲುತ್ತಾರೆ.

ಈಗ 1864ಕ್ಕೆ ಹೋಗೋಣ. ಮ್ಯಾಸಚೂಸೆಟ್ಸ್ ರಾಜ್ಯದ ಕಟ್ಟಿಹಂಕ್ ಎಂಬ ಪುಟ್ಟ ದ್ವೀಪದಲ್ಲಿ ನ್ಯೂಯಾರ್ಕಿನ ಶ್ರೀಮಂತರು ಸೇರಿ ಒಂದು ಮೀನುಗಾರಿಕೆ ಕ್ಲಬ್ ಕಟ್ಟಿದರು. ಅವರಿಗೂ ಬಂಡೆಯಾಚೆಯ ದೊಡ್ಡ ಮೀನೇ ಬೇಕು, ಆದರೆ ಬಟ್ಟೆ ಒದ್ದೆಯಾಗಬಾರದು. ಅದಕ್ಕೆ ಬಂಡೆಗಳಿಗೆ ಕಬ್ಬಿಣದ ಸರಳು ಹೊಡೆಸಿ, ಮೇಲೆ ಕಿರಿದಾದ ಹಲಗೆ ಹಾಸಿ, ನೀರಿನ ಮೇಲೆ ಕಾಲುದಾರಿ ಮಾಡಿಸಿದರು. ಬಾಸ್ ಸ್ಟ್ಯಾಂಡ್ ಎಂದು ಅದರ ಹೆಸರು. ಯಾವ ಸ್ಟ್ಯಾಂಡ್ ಯಾರಿಗೆ ಎಂದು ಹಿಂದಿನ ಸಂಜೆ ಚೀಟಿ ಎತ್ತುತ್ತಿದ್ದರು. ಪಕ್ಕದಲ್ಲಿ ನಿಂತ ಆಳು ಲಾಬ್‌ಸ್ಟರ್, ಮೆನ್‌ಹೇಡನ್ ಕೊಚ್ಚಿ ನೀರಿಗೆ ಎರಚುತ್ತಿದ್ದ. ಮೆನ್‌ಹೇಡನ್ ನಮ್ಮ ಬೂತಾಯಿಯ ಸಂಬಂಧಿ, ಎಣ್ಣೆ ತುಂಬಿದ ಮೀನು. ಆ ವಾಸನೆಗೆ ಬಾಸ್ ಬರುತ್ತಿತ್ತು. ಚಳಿಗಾಲದ ತೂಫಾನು ಹಲಗೆಗಳನ್ನು ಕಿತ್ತೊಯ್ದರೆ ಮರುವರ್ಷ ಮತ್ತೆ ಕಟ್ಟಬೇಕು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಬಾಸ್ ಕಡಿಮೆಯಾಯಿತು, ಕ್ಲಬ್ಬೂ ಸೊರಗಿತು.

ಹಲಗೆ ಕಟ್ಟಿಸುವಷ್ಟು ದುಡ್ಡಿಲ್ಲದ ಸಾಮಾನ್ಯ ಗಾಳಗಾರರಿಗೆ ಒದಗಿದ್ದು ವೇಡರ್. ಎದೆಯವರೆಗೆ ಬರುವ ರಬ್ಬರಿನ ಪ್ಯಾಂಟು, ಕೆಳಗೆ ಬೂಟು ಕೂಡಿಕೊಂಡಿರುತ್ತದೆ. ಮೇಲೆ ಮಳೆಕೋಟು, ಸೊಂಟಕ್ಕೆ ಬಿಗಿಯಾದ ಬೆಲ್ಟು. ಇಪ್ಪತ್ತನೇ ಶತಮಾನದ ಬಹುಪಾಲು ಅಟ್ಲಾಂಟಿಕ್ ದಡದಲ್ಲಿ ಗಾಳದವರ ವೇಷ ಇದೇ ಆಗಿತ್ತು.

ವೇಡರ್ ಬಗ್ಗೆ ಒಂದು ತಪ್ಪು ನಂಬಿಕೆ ಈಗಲೂ ಇದೆ: ಒಳಗೆ ನೀರು ತುಂಬಿದರೆ ಕಲ್ಲಿನಂತೆ ತಳಕ್ಕೆ ಎಳೆಯುತ್ತದೆ ಎಂದು. ನೀರಿನೊಳಗೆ ಇರುವ ನೀರಿಗೆ ತೂಕವಿಲ್ಲ, ಹಾಗಾಗಿ ಅದು ಎಳೆಯುವುದಿಲ್ಲ. ಅಪಾಯ ಬೇರೆ ಕಡೆ ಇದೆ. ನೀರು ತುಂಬಿದ ಪ್ಯಾಂಟಿನಲ್ಲಿ ಕಾಲು ಆಡಿಸಲು ಆಗುವುದಿಲ್ಲ, ಈಜು ಬರುವವನಿಗೂ ಈಜಲಾಗುವುದಿಲ್ಲ. ಹೇಗೋ ದಡಕ್ಕೆ ಬಂದು ಏಳಲು ಹೋದರೆ ಒಳಗಿನ ನೀರಿಗೆ ಆಗ ತೂಕ ಬರುತ್ತದೆ. ಎದ್ದು ನಿಲ್ಲುವ ಮೊದಲೇ ಮುಂದಿನ ಅಲೆ ಬೀಳಿಸುತ್ತದೆ. ಅದಕ್ಕೇ ವೇಡರ್‌ನವರಿಗೆ ಸೊಂಟದ ಬೆಲ್ಟು ಜೀವದ ಪ್ರಶ್ನೆ, ನೀರು ಒಳಗಿಳಿಯುವುದನ್ನು ಅದು ತಡೆಯುತ್ತದೆ. ಎಷ್ಟೇ ಬಿಗಿದರೂ ವೇಡರ್ ತೊಟ್ಟವನ ಗಡಿ ಸೊಂಟ ಮಟ್ಟದ ನೀರು. ಮೀನು ಅದರಾಚೆಯ ಬಂಡೆಯ ಹತ್ತಿರ ಇರುತ್ತಿತ್ತು.

ಆ ಗಡಿಯನ್ನು ಒಡೆದವನು ಗಾಳಗಾರನಲ್ಲ, ಒಬ್ಬ ಭೌತವಿಜ್ಞಾನಿ. ಹೆಸರು ಹ್ಯೂ ಬ್ರಾಡ್ನರ್. ಎರಡನೇ ಮಹಾಯುದ್ಧದಲ್ಲಿ ಮ್ಯಾನ್‌ಹಟನ್ ಯೋಜನೆಯಲ್ಲಿ ಕೆಲಸ ಮಾಡಿ, ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ನೌಕಾಪಡೆಯ ಮುಳುಗುಗಾರರು ತಣ್ಣೀರಿನಲ್ಲಿ ಹೆಚ್ಚು ಹೊತ್ತು ಕೆಲಸ ಮಾಡುವುದು ಹೇಗೆ ಎಂಬುದು ಅವರ ಮುಂದಿದ್ದ ಪ್ರಶ್ನೆ. ಅಲ್ಲಿಯವರೆಗೆ ಎಲ್ಲರೂ ನೀರು ಒಳಗೆ ಬರದ ಉಡುಪಿಗಾಗಿ ಒದ್ದಾಡುತ್ತಿದ್ದರು. ಸಣ್ಣ ತೂತು ಬಿದ್ದರೂ ಅಂಥ ಉಡುಪು ಕೆಟ್ಟಿತು. ನೀರನ್ನು ತಡೆಯುವ ಹಟವೇ ಬೇಕಿಲ್ಲ ಎಂಬುದು ಬ್ರಾಡ್ನರ್ ಕಂಡುಕೊಂಡ ಸತ್ಯ. ಬೆಚ್ಚಗಿಡುವ ಕೆಲಸವನ್ನು ಬಟ್ಟೆಯ ದಪ್ಪದೊಳಗೆ ಸಿಕ್ಕಿಕೊಂಡ ಅನಿಲ ಮಾಡಿದರೆ ಸಾಕು, ಚರ್ಮ ಒದ್ದೆಯಾದರೂ ಅಡ್ಡಿಯಿಲ್ಲ.

ಅದಕ್ಕೆ ಒದಗಿದ ವಸ್ತು ನಿಯೋಪ್ರೀನ್, ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ 1930ರಲ್ಲಿ ಹುಟ್ಟಿದ ಕೃತಕ ರಬ್ಬರ್. ಅದನ್ನು ನೊರೆಯಂತೆ ಉಬ್ಬಿಸಿ ಹಾಳೆ ಮಾಡಿದರೆ ಒಳಗೆಲ್ಲ ಇಡ್ಲಿಯಲ್ಲಿರುವಂತೆ ಸಣ್ಣ ಸಣ್ಣ ಗುಳ್ಳೆ, ಆದರೆ ಒಂದೊಂದು ಗುಳ್ಳೆಯೂ ಮುಚ್ಚಿರುತ್ತದೆ, ನೀರು ಹೀರುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಆ ಗುಳ್ಳೆಗಳ ಅನಿಲ ನಡುವೆ ನಿಂತು ಮೈಯ ಬಿಸಿ ಸೋರದಂತೆ ತಡೆಯುತ್ತದೆ. ಮೈಗೂ ಉಡುಪಿಗೂ ನಡುವೆ ನುಗ್ಗಿದ ತೆಳುವಾದ ನೀರು ಸ್ವಲ್ಪ ಹೊತ್ತಿಗೆ ಮೈಯಷ್ಟೇ ಬೆಚ್ಚಗಾಗುತ್ತದೆ. ಉಡುಪು ಮೈಗೆ ಅಂಟಿದಂತೆ ಇರಬೇಕು ಎನ್ನುವುದು ಇದಕ್ಕೇ. ಸಡಿಲವಾದರೆ ಪ್ರತಿ ಅಲೆಗೂ ಹೊಸ ತಣ್ಣೀರು ಒಳಗೆ ಬಂದು ಮೈಯ ಬಿಸಿಯನ್ನು ಕದ್ದೊಯ್ಯುತ್ತದೆ.

1952ರ ಹೊತ್ತಿಗೆ ಈ ಉಡುಪು, ಅಂದರೆ ವೆಟ್‌ಸೂಟ್, ಕೈಗೂಡಿತು. ನಿಯೋಪ್ರೀನ್ ಗುಳ್ಳೆಗಳಿಂದ ಮುಳುಗುಗಾರ ಶತ್ರುವಿನ ಸೋನಾರ್‌ಗೆ ಸಿಕ್ಕಿಬೀಳಬಹುದು ಎಂದು ನೌಕಾಪಡೆ ಹಿಂಜರಿಯಿತು. ಬ್ರಾಡ್ನರ್ ಪೇಟೆಂಟ್ ಹಿಡಿಯಲಿಲ್ಲ. ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜ್ಯಾಕ್ ಓನೀಲ್, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬಾಬ್ ಮತ್ತು ಬಿಲ್ ಮೈಸ್ಟ್ರೆಲ್ ಸೋದರರು ಸರ್ಫಿಂಗ್‌ನವರಿಗೆ, ಡೈವಿಂಗ್‌ನವರಿಗೆ ಇಂಥ ಉಡುಪು ಹೊಲಿದು ಮಾರಲು ತೊಡಗಿದರು. ಮೊದಮೊದಲ ಸೂಟುಗಳು ಬರೀ ರಬ್ಬರ್. ಟಾಲ್ಕಂ ಪೌಡರ್ ಬಳಿದುಕೊಳ್ಳದೆ ತೊಡಲಾಗುತ್ತಿರಲಿಲ್ಲ, ಉಗುರು ತಾಗಿದರೆ ಹರಿಯುತ್ತಿತ್ತು. ಒಳಗೂ ಹೊರಗೂ ನೈಲಾನ್ ಬಟ್ಟೆ ಅಂಟಿಸುವ ಉಪಾಯ ಬಂದ ಮೇಲೆ ಬಂಡೆಗೆ ಉಜ್ಜಿದರೂ ತಾಳುವ ಉಡುಪಾಯಿತು. ಹಾಗೆ ಅದು ಪಶ್ಚಿಮ ತೀರದ ಸರ್ಫರ್‌ಗಳಿಂದ ಪೂರ್ವ ತೀರದ ಗಾಳದವರ ಕೈಗೂ ಬಂತು. ಅದನ್ನು ತೊಟ್ಟು ಗಾಳ ಹಾಕುವುದಕ್ಕೆ ಒಬ್ಬ ಮೂಲಪುರುಷ ಇಲ್ಲ. ಕತ್ತಲಲ್ಲಿ, ಜಾಗದ ಗುಟ್ಟು ಬಿಡದೆ ಮೀನು ಹಿಡಿಯುವ ಜನ ಒಬ್ಬರನ್ನೊಬ್ಬರು ನೋಡಿ ಕಲಿತದ್ದು.

ಮನುಷ್ಯನೇನೋ ಬಂಡೆ ಮುಟ್ಟಿದ. ಅವನ ಸಾಮಾನು? ಗಾಳದ ರೀಲು ಅಲ್ಲಿಯವರೆಗೆ ನೀರಿನ ಮೇಲಿನ ಯಂತ್ರವಾಗಿತ್ತು. ಅದನ್ನು ಹಿಡಿದು ಈಜಿದರೆ ಉಪ್ಪುನೀರು, ಮರಳು ಹಲ್ಲುಚಕ್ರಗಳೊಳಗೆ ಸೇರುತ್ತದೆ. ಗಾಳದವರು ಪೆನ್ ಕಂಪನಿಯ ರೀಲುಗಳಿಗೆ ಒಳಗೆಲ್ಲ ಗ್ರೀಸ್ ತುಂಬಿಸುತ್ತಿದ್ದರು, ದಾರ ಸುತ್ತುವ ತಂತಿಯ ಬಳೆಯನ್ನೇ ತೆಗೆದು ಬೆರಳಿನಿಂದ ದಾರ ಹಿಡಿಯುತ್ತಿದ್ದರು, ಮನೆಗೆ ಹೋಗಿ ಮತ್ತೆ ಮತ್ತೆ ಬಿಚ್ಚಿ ತೊಳೆಯುತ್ತಿದ್ದರು. ನೀರು ಒಳಹೋಗದಂತೆ ಪೂರ್ತಿ ಸೀಲು ಮಾಡಿದ ವ್ಯಾನ್ ಸ್ಟಾಲ್ ರೀಲು 1990ರ ದಶಕದಲ್ಲಿ ಬಂದಾಗ ಈ ಪಾಡು ತಪ್ಪಿತು. ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೂ ವೆಟ್‌ಸೂಟರ್‌ಗಳ ನಡುವೆ ಅದು ಮನೆಮಾತಾಯಿತು.

ಆ ದಶಕಕ್ಕೆ ಇನ್ನೊಂದು ಮಹತ್ವವಿದೆ, ಅದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1982ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯ ಕಲ್ಲಿನ ತಡೆಗೋಡೆಯ ಮೇಲೆ ನಿಂತು ಆಲ್ ಮೆಕ್‌ರೆನಾಲ್ಡ್ಸ್ ಎಂಬವರು 35 ಕಿಲೋ ಮೀರಿದ ಬಾಸ್ ಹಿಡಿದು ವಿಶ್ವದಾಖಲೆ ಮಾಡಿದ್ದರು. ಆದರೆ ಅತಿಯಾಗಿ ಹಿಡಿದದ್ದರಿಂದ ಅಷ್ಟರಲ್ಲೇ ಮೀನಿನ ಸಂತತಿ ಕುಸಿಯುತ್ತಿತ್ತು. 1984ರಲ್ಲಿ ಅಮೆರಿಕದ ಸಂಸತ್ತು ಅಟ್ಲಾಂಟಿಕ್ ಬಾಸ್ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ಮಾಡಿತು. ಮೇರಿಲ್ಯಾಂಡ್ 1985ರಿಂದ ಐದು ವರ್ಷ ಪೂರ್ತಿ ನಿಷೇಧ ಹೇರಿತು. 1995ರಲ್ಲಿ ಸಂತತಿ ಚೇತರಿಸಿದೆ ಎಂಬ ಘೋಷಣೆ ಬಂತು. ಮೀನು ಮರಳಿದ ಕಾಲ, ಸೀಲು ಮಾಡಿದ ರೀಲು ಬಂದ ಕಾಲ ಒಂದೇ ಆಗಿ, ಮಾಂಟಾಕ್‌ನ ಬಂಡೆಗಳ ಮೇಲೆ ಜನ ಹೆಚ್ಚಿದರು. ಪಾಲ್ ಮೆಲ್ನಿಕ್ ಎಂಬವರು ಬಂಡೆಯನ್ನೂ ಬಿಟ್ಟು, ಕಾಲಿಗೆ ಈಜುರೆಕ್ಕೆ ಕಟ್ಟಿ, ಆಳ ನೀರಲ್ಲಿ ತೇಲುತ್ತಲೇ ಗಾಳ ಹಾಕುವ ‘ಸ್ಕಿಶಿಂಗ್’ ಶುರು ಮಾಡಿದರು. ಗಾಳಕ್ಕೆ ಸಿಕ್ಕ ಮೀನು ಮನುಷ್ಯನನ್ನೇ ಎಳೆದುಕೊಂಡು ಹೋಗುತ್ತದೆ. ನೋಡಲು ಮೈ ಜುಮ್ಮೆನ್ನುತ್ತದೆ, ಆದರೆ ಯಾರಿಗೂ ನಾನು ಇದನ್ನು ಮಾಡಿ ಎನ್ನಲಾರೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ. ವೆಟ್‌ಸೂಟ್ ತೇಲಿಸುತ್ತದೆ, ನಿಜ. ಆದರೆ ಅದು ಲೈಫ್ ಜಾಕೆಟ್ ಅಲ್ಲ. ಬಂಡೆಗೆ ತಲೆ ಬಡಿದು ಎಚ್ಚರ ತಪ್ಪಿದವನ ಮುಖವನ್ನು ಮೇಲಕ್ಕೆ ತಿರುಗಿಸುವ ಶಕ್ತಿ ಅದಕ್ಕಿಲ್ಲ. ಕ್ಯಾನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿಗೆ ಬಿದ್ದವರ ಬಗ್ಗೆ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ: ಏದುಸಿರನ್ನು ಹತೋಟಿಗೆ ತರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಹಿಮದಷ್ಟು ತಣ್ಣಗಿನ ನೀರಿನ ಲೆಕ್ಕ ಅದು. ವೆಟ್‌ಸೂಟ್ ಈ ಗಡುವುಗಳನ್ನು ಹಿಗ್ಗಿಸುತ್ತದೆ. ಉಸಿರಾಡಲು ಮುಖ ನೀರಿನ ಮೇಲಿರಬೇಕು ಎಂಬುದನ್ನು ಬದಲಿಸುವುದಿಲ್ಲ. ಅದಕ್ಕೇ ಬಲ್ಲವರು ಸೊಂಟಕ್ಕೋ ಎದೆಗೋ ಗಾಳಿ ತುಂಬುವ ತೇಲುಪಟ್ಟಿ ಕಟ್ಟುತ್ತಾರೆ. ಅದೂ ಕೈಯಿಂದ ಎಳೆದು ಉಬ್ಬಿಸುವಂಥದ್ದು. ನೀರು ತಾಗಿದ ಕೂಡಲೇ ತಾನೇ ಉಬ್ಬುವಂಥದ್ದು ಮೊದಲ ಅಲೆಗೇ ಉಬ್ಬಿ ಕೂರುತ್ತದೆ. ಕೈಯಿಂದ ಉಬ್ಬಿಸುವುದಕ್ಕೂ ಒಂದು ಕೊರತೆ ಇದೆ, ಎಚ್ಚರ ತಪ್ಪಿದವನಿಗೆ ಅದನ್ನು ಎಳೆಯಲಾಗದು. ಒಂಟಿಯಾಗಿ ಹೋಗಬೇಡಿ ಎನ್ನುವುದು ಅದಕ್ಕೇ.

ಉಳಿದ ಸಾಮಾನು ಹತ್ತಿರದಿಂದ ನೋಡಿ. ಬೂಟಿನ ಅಡಿಗೆ ಕಾರ್ಬೈಡ್ ಮೊಳೆಗಳು. ಪಾಚಿ ಹಿಡಿದ ಬಂಡೆಯ ಮೇಲೆ ಬರೀ ರಬ್ಬರ್ ಅಡಿ ನಿಲ್ಲುವುದಿಲ್ಲ. ಕೃತಕ ಮೀನುಗಳ ಚೀಲದ ತಳದಲ್ಲಿ ನೀರು ಬಸಿಯಲು ತೂತುಗಳು. ಕುತ್ತಿಗೆಯಲ್ಲಿ ದೀಪ, ಸೀಟಿ. ಇಕ್ಕಳಕ್ಕೆ ಸುರುಳಿ ದಾರ. ಎದೆಯ ಮೇಲೆ, ಯಾವ ಕೈಗಾದರೂ ಸಿಗುವಂತೆ ಒಂದು ಚಾಕು. ಇಂದಿನ ಹೆಣೆದ ದಾರ ನೂಲಿನಷ್ಟು ತೆಳು, ಕೈಯಿಂದ ಹರಿಯಲು ಹೋದರೆ ಬೆರಳು ಕೊಯ್ಯುತ್ತದೆ. ದೊಡ್ಡ ಮೀನು ಒಂದು ಕಡೆ, ದೊಡ್ಡ ಅಲೆ ಇನ್ನೊಂದು ಕಡೆ ಬಂದಾಗ ದಾರ ಕತ್ತರಿಸಿ ಮೀನು ಬಿಡುವ ಮನಸ್ಸು, ಅದಕ್ಕೆ ತಕ್ಕ ಚಾಕು ಎರಡೂ ಇರಬೇಕು.

ಅಲೆಯ ಲೆಕ್ಕವನ್ನು ಅಲ್ಲಿನವರು ಮನೆಯಲ್ಲೇ ಕುಳಿತು ಮಾಡುತ್ತಾರೆ. ಮಾಂಟಾಕ್‌ಗೆ 23 ನಾಟಿಕಲ್ ಮೈಲಿ ದೂರದಲ್ಲಿ ಸರ್ಕಾರದ 44017 ಸಂಖ್ಯೆಯ ತೇಲುಮಾಪಕ ಇದೆ, ಅಲೆಯ ಎತ್ತರದ ಜತೆ ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ಹೇಳುತ್ತದೆ. ಹೊಸಬರು ಎತ್ತರ ಮಾತ್ರ ನೋಡುತ್ತಾರೆ. ಐದಡಿ ಅಲೆ ಆರು ಸೆಕೆಂಡಿಗೊಮ್ಮೆ ಬಂದರೆ ಹತ್ತಿರದ ಗಾಳಿ ಎಬ್ಬಿಸಿದ್ದು. ಅದೇ ಐದಡಿ 14 ಸೆಕೆಂಡಿಗೊಮ್ಮೆ ಬಂದರೆ ದೂರದ ಚಂಡಮಾರುತದ್ದು, ಅದರೊಳಗಿನ ಬಲ ಬಹಳ ಹೆಚ್ಚು. ಆಕಾಶ ನಿರ್ಮಲವಾಗಿರುತ್ತದೆ, ಗಾಳಿ ಇರುವುದಿಲ್ಲ, ಹತ್ತು ನಿಮಿಷ ಕಡಲು ಸುಮ್ಮನಿರುತ್ತದೆ. ಆಮೇಲೆ ಮೂರ್ನಾಲ್ಕು ದೊಡ್ಡ ಅಲೆಗಳು ಸಾಲಾಗಿ ಬಂದು ಬಂಡೆಯನ್ನು ಗುಡಿಸಿಬಿಡುತ್ತವೆ. ಬಾಸ್ ವಲಸೆಯ ಸೆಪ್ಟೆಂಬರ್, ಅಕ್ಟೋಬರ್ ಅಟ್ಲಾಂಟಿಕ್ ಚಂಡಮಾರುತಗಳ ತಿಂಗಳೂ ಹೌದು.

ಆಸ್ಟ್ರೇಲಿಯಾದಲ್ಲಿ ಬಂಡೆಯಿಂದ ಗಾಳ ಹಾಕುವವರು ಹೀಗೆ ಸತ್ತುಸತ್ತು, ಕೊನೆಗೆ ನ್ಯೂ ಸೌತ್ ವೇಲ್ಸ್ ರಾಜ್ಯ 2016ರಲ್ಲಿ ಇದಕ್ಕೆಂದೇ ಕಾಯ್ದೆ ತಂದಿತು. ಆ ಕಾಯ್ದೆ ಅನ್ವಯವಾಗುವ ಕಡೆ ಬಂಡೆ ಏರಿ ಗಾಳ ಹಾಕಬೇಕಾದರೆ ಲೈಫ್ ಜಾಕೆಟ್ ಕಡ್ಡಾಯ. ಕಟ್ಟಿಹಂಕ್‌ನ ಹಲಗೆಯಿಂದ ಲೆಕ್ಕ ಹಾಕಿದರೆ ಒಂದೂವರೆ ಶತಮಾನ. ಇಷ್ಟು ತಡವಾಗಬಾರದಿತ್ತು.

ನಮ್ಮ ಕರಾವಳಿಯ ನೀರು ಬೆಚ್ಚಗಿದೆ, ಮಾಂಟಾಕ್‌ನ ದಪ್ಪ ಸೂಟು ಇಲ್ಲಿ ಬೇಡ. ಆದರೆ ಸೋಮೇಶ್ವರದ ಬಂಡೆಗಳ ಮೇಲೆ, ಅಳಿವೆ ಬಾಗಿಲಿನ ಕಲ್ಲಿನ ತಡೆಗೋಡೆಗಳ ಮೇಲೆ ಮಳೆಗಾಲದಲ್ಲೂ ಹವಾಯಿ ಚಪ್ಪಲಿ ಹಾಕಿಕೊಂಡು ಗಾಳ ಹಿಡಿದು ನಿಲ್ಲುವವರು ಇದ್ದಾರೆ. ಅವರಲ್ಲಿ ನೀವೂ ಒಬ್ಬರಾಗಿದ್ದರೆ ನನ್ನದೊಂದು ಬೇಡಿಕೆ. ಬಂಡೆ ಏರುವ ಮುನ್ನ ಇಪ್ಪತ್ತು ನಿಮಿಷ ದೂರ ನಿಂತು ಕಡಲನ್ನು ನೋಡಿ. ಅಷ್ಟರಲ್ಲಿ ಆ ಬಂಡೆ ಒಮ್ಮೆ ಒದ್ದೆಯಾದರೂ ಅದು ಇವತ್ತು ನಿಮ್ಮ ಜಾಗ ಅಲ್ಲ. ಲೈಫ್ ಜಾಕೆಟ್ ಹಾಕಿ, ಜತೆಗೊಬ್ಬರನ್ನು ಕರೆದುಕೊಳ್ಳಿ, ಕಡಲಿಗೆ ಬೆನ್ನು ಹಾಕಬೇಡಿ. ಜತೆಗಾರ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆಯಿರಿ. ಕೂಡಲೇ 112ಕ್ಕೆ ಅಥವಾ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಿ. ಈ ಎರಡು ಸಂಖ್ಯೆಗಳನ್ನು ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.