ಮೇಜಿನ ಅಡಿಯ ಹಲಗೆ



ಬುರೈದಾದಲ್ಲಿ ಕುಳಿತು ಡೆನ್ಮಾರ್ಕಿನ ಊಟದ ಮೇಜೊಂದರ ಕುರಿತು ಮಾತನಾಡುವುದು ವಿಚಿತ್ರವೆನಿಸಬಹುದು. ಇದು ನೆಲದ ಮೇಲೆ ಉಣ್ಣುವ ಊರು. ಸುಫ್ರಾ ಹಾಸಿ, ನಡುವೆ ಕಬ್ಸಾದ ದೊಡ್ಡ ತಟ್ಟೆಯಿಟ್ಟರೆ ಸುತ್ತ ಐದಾರು ಜನ ಕೂರುತ್ತಾರೆ. ಇನ್ನೊಬ್ಬ ಬಂದರೆ ಮೊಣಕಾಲು ಸರಿಸಿದರಾಯಿತು. ನಮ್ಮ ಬಾಳೆಯೆಲೆಯ ಪಂಕ್ತಿಯೂ ಹಾಗೆ ಬೆಳೆಯಬಲ್ಲದು, ಯಾರ ಪಕ್ಕ ಯಾರು ಎಂಬ ಪ್ರಶ್ನೆ ಏಳುವವರೆಗೆ.

ನಾನು ಹೇಳುತ್ತಿರುವ ಮೇಜು, ಊರು ಬಿಟ್ಟ ಸಹೋದ್ಯೋಗಿಯೊಬ್ಬರಿಂದ ನಮ್ಮ ಮನೆಗೆ ಬಂದದ್ದು. 1960ರ ಆಸುಪಾಸಿನದು, ತೇಗದ್ದು, ನಾಲ್ವರಿಗೆ ಸಾಕಾಗುವಷ್ಟು. ಅದರ ಎರಡು ತುದಿಗಳ ಅಡಿಯಲ್ಲಿ ಒಂದೊಂದು ಹಲಗೆ ಅಡಗಿದೆ. ಹಲಗೆಯನ್ನು ಎಳೆದಂತೆ ಅದನ್ನು ಹೊತ್ತ ಓರೆಪಟ್ಟಿಗಳು ಜಾರುತ್ತ ಅದನ್ನು ಮೆಲ್ಲಗೆ ಮೇಲೆತ್ತುತ್ತವೆ. ಪೂರ್ತಿ ಹೊರಬಂದಾಗ ಅದು ಮೇಲ್ಹಲಗೆಯ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಈಗ ಎಂಟು ಜನ ಕೂರಬಹುದು. ಈ ಒಣಹವೆಯಲ್ಲೂ ಹಲಗೆ ಸರಾಗವಾಗಿ ಜಾರುತ್ತದೆ. ತೇಗ ಕುಗ್ಗುವುದು ಕಡಿಮೆ.

ಈ ಯುಕ್ತಿ ಡೇನರು ಕಂಡುಹಿಡಿದದ್ದಲ್ಲ, ಯುರೋಪಿನಲ್ಲಿ ಶತಮಾನಗಳಿಂದ ಇದೆ. ಡೇನರ ಸಾಧನೆ ಬೇರೆ. ಕೋಪನ್‌ಹೇಗನ್ನಿನ ಕಲಾ ಅಕಾಡೆಮಿಯಲ್ಲಿ 1924ರಿಂದ ಪೀಠೋಪಕರಣ ವಿನ್ಯಾಸ ಕಲಿಸಿದ ಕಾರೆ ಕ್ಲಿಂಟ್, ಮನುಷ್ಯರ ಮೈಯನ್ನೂ ಮನೆಯ ಸಾಮಾನುಗಳನ್ನೂ ಅಳೆದು ವಿನ್ಯಾಸ ಮಾಡುವುದನ್ನು ರೂಢಿಗೆ ತಂದ. ಅವನ ಶಿಷ್ಯ ಬೋರ್ಗೆ ಮೊಗೆನ್ಸನ್ 1942ರಲ್ಲಿ ಬಳಕೆದಾರರ ಸಹಕಾರಿ ಒಕ್ಕೂಟವಾದ ಎಫ್‌ಡಿಬಿಯ ಪೀಠೋಪಕರಣ ವಿಭಾಗದ ಮುಖ್ಯಸ್ಥನಾದ. ಇಕ್ಕಟ್ಟಿನ ಮನೆಯ ಸಾಮಾನ್ಯ ಕುಟುಂಬಕ್ಕೆ ಕೈಗೆಟುಕುವ ಬೆಲೆಯಲ್ಲಿ ಒಳ್ಳೆಯ ಮರಗೆಲಸ ಸಿಗಬೇಕೆಂಬುದು ಒಕ್ಕೂಟದ ಉದ್ದೇಶ. 1947ರಲ್ಲಿ ಅವನು ರೂಪಿಸಿದ ಜೆ39 ಕುರ್ಚಿಗೆ ‘ಜನತೆಯ ಕುರ್ಚಿ’ ಎಂದೇ ಹೆಸರಾಯಿತು. ಇಂದು ಆ ಕಾಲದ ಸಾಮಾನುಗಳನ್ನು ಸಿರಿವಂತರು ಹರಾಜಿನಲ್ಲಿ ಕೊಳ್ಳುತ್ತಾರೆ, ಅದಿರಲಿ. ತೇಗ ಮಾತ್ರ ಡೆನ್ಮಾರ್ಕಿನಲ್ಲಿ ಬೆಳೆಯುವ ಮರವಲ್ಲ. 1897ರಲ್ಲಿ ಹುಟ್ಟಿದ ಡೇನರ ಈಸ್ಟ್ ಏಷಿಯಾಟಿಕ್ ಕಂಪನಿ ಸಯಾಮಿನ ಕಾಡುಗಳಿಂದ ತೇಗವನ್ನು ಸಾಗಿಸಿ ಬೆಳೆಯಿತು. ದಾಂಡೇಲಿಯ ಕಾಡನ್ನು ಬಲ್ಲವರಿಗೆ ಆ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ದುಡಿಯುವವರ ಪುಟ್ಟ ಮನೆಗೂ ಅತಿಥಿ ಬರುತ್ತಾನೆಂದು ನಂಬಿ ಮಾಡಿದ ಇಂಥ ಮೇಜು ಬುರೈದಾದಲ್ಲಿ ಯಾರ ಮನೆಯಲ್ಲಿ ಇರಲು ಸಾಧ್ಯ? ಕುಟುಂಬ ವೀಸಾ ಸಿಗುವುದು ಇಕಾಮಾದಲ್ಲಿ ಬರೆದ ವೃತ್ತಿಯ ಮೇಲೆ ನಿಂತಿದೆ. ಪ್ರಾಧ್ಯಾಪಕನಿಗೆ ಸಿಗುತ್ತದೆ, ಲಾರಿ ಚಾಲಕನಿಗೆ ಸಿಗುವುದಿಲ್ಲ. ಸಿಕ್ಕವರ ಪೈಕಿಯೂ ಹಲವರು ಉಳಿಯಲಿಲ್ಲ. 2017ರ ಜುಲೈಯಲ್ಲಿ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಇದ್ದ ಶುಲ್ಕ 2020ರ ಹೊತ್ತಿಗೆ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200 ರಿಯಾಲ್. ಮನೆಗಳು ಖಾಲಿಯಾದವು, ಮೇಜುಗಳು ಅಗ್ಗವಾದವು. ನಮ್ಮ ಮೇಜೂ ಅಂಥ ಒಂದು ಮನೆಯದೇ.

ಅದರ ಸಡಿಲವಾದ ಪಟ್ಟಿಯನ್ನು ಸರಿಪಡಿಸಲು ಬಂದ ಕರಾವಳಿಯ ಬಡಗಿಯೊಬ್ಬರು ಹಲಗೆಯನ್ನು ನಾಲ್ಕೈದು ಸಲ ಎಳೆದು, ತಳ್ಳಿ ನೋಡಿದರು. “ಒಳ್ಳೆ ಕೆಲಸ ಸರ್. ನಮ್ಮ ರೂಮಲ್ಲಿ ಆರು ಮಂಚ, ಇದನ್ನು ಇಡುವುದೆಲ್ಲಿ?” ಎಂದರು. ಊರಿನಲ್ಲಿ ಅವರಿಗೆ ಹೆಂಡತಿಯಿದ್ದಾರೆ, ಮೂವರು ಮಕ್ಕಳಿದ್ದಾರೆ. ಕೊಲ್ಲಿಯ ಆಡುಮಾತಿನಲ್ಲಿ ಅವರು ‘ಬ್ಯಾಚುಲರ್’.

ಪಂಕ್ತಿಭೇದದ ವಿರುದ್ಧ ಬರೆಯುವ ಬಳಗ ನಮ್ಮದು. ನಮ್ಮ ಯುಗಾದಿಯ ಊಟದ ಆಹ್ವಾನದಲ್ಲಿ ‘ಕುಟುಂಬಗಳಿಗೆ ಮಾತ್ರ’ ಎಂಬ ಸಾಲು ವರ್ಷವರ್ಷವೂ ಇರುತ್ತದೆ. ಸ್ಥಳದ ಇಕ್ಕಟ್ಟು ಅದಕ್ಕೆ ಕಾರಣವೆನ್ನುತ್ತಾರೆ. ಈ ಕಾರಣವನ್ನು ನಾನು ಒಪ್ಪಲಾರೆ. ಇದೇ ವರ್ಷ ಆ ಸಾಲನ್ನು ತೆಗೆಯಬೇಕೆಂದು ಸಭೆಯ ಮುಂದೆ ಕೇಳುತ್ತಿದ್ದೇನೆ. ಊಟವನ್ನು ರಾತ್ರಿಯ ಬದಲು ಶುಕ್ರವಾರ ಮಧ್ಯಾಹ್ನ, ಜುಮ್ಮಾ ನಮಾಜಿನ ನಂತರ ಇಡೋಣ. ಕಾರ್ಮಿಕರಲ್ಲಿ ಬಹಳ ಮಂದಿಗೆ ರಜೆ ಇರುವುದು ಆಗ ಮಾತ್ರ. ಮೇಜುಗಳು ಸಾಲದಿದ್ದರೆ ಸುಫ್ರಾ ಹಾಸೋಣ. ವಾಹನವಿಲ್ಲದವರನ್ನು ಕರೆತರಲು ನನ್ನ ಕಾರಿನಲ್ಲಿ ನಾಲ್ಕು ಸೀಟುಗಳಿವೆ.