ನಿಕಾಹ್‌ಗೆ ಮುನ್ನ ಕೇಳದೆ ಉಳಿಯುವ ಪ್ರಶ್ನೆ



ಮದುವೆಯ ಮಾತುಕತೆ ಆರಂಭವಾದಾಗ ನಾವು ಏನೆಲ್ಲ ವಿಚಾರಿಸುತ್ತೇವೆಂಬುದು ನಿಮಗೆ ತಿಳಿದೇ ಇದೆ. ಹುಡುಗನ ಉದ್ಯೋಗ, ಗಲ್ಫ್‌ನಲ್ಲಿದ್ದರೆ ಅಲ್ಲಿಯ ಸಂಬಳ, ಹುಡುಗಿಯ ಬಣ್ಣ, ಎತ್ತರ, ಮನೆತನ; ಬಾಯಿಬಿಟ್ಟು ಹೇಳದಿದ್ದರೂ ಕೊಡುಕೊಳ್ಳುವಿಕೆಯ ಲೆಕ್ಕ. ಆದರೆ ಹುಟ್ಟಲಿರುವ ಮಗುವಿನ ಆರೋಗ್ಯಕ್ಕೆ ಸಂಬಂಧಿಸಿದ ಒಂದು ರಕ್ತಪರೀಕ್ಷೆಯ ಮಾತೆತ್ತಿದರೆ ಎರಡೂ ಕಡೆಯವರ ಮುಖ ಬಾಡುತ್ತದೆ. ನಮ್ಮ ಮಗುವಿನಲ್ಲಿ ಏನೋ ದೋಷವಿದೆಯೆಂದು ಶಂಕಿಸುತ್ತಿದ್ದಾರೆಂದು ಮುನಿಸು.

ಥಲಸ್ಸೀಮಿಯಾ ಎಂಬ ರೋಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಗು ಹುಟ್ಟುವಾಗ ಆರೋಗ್ಯವಾಗಿಯೇ ಕಾಣುತ್ತದೆ. ಕೆಲವು ತಿಂಗಳುಗಳಾದ ಮೇಲೆ ಬಿಳಿಚಿಕೊಳ್ಳುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ರೋಗ ತೀವ್ರವಾಗಿದ್ದರೆ 2ರಿಂದ 4 ವಾರಗಳಿಗೊಮ್ಮೆ, ಜೀವನವಿಡೀ ರಕ್ತ ಕೊಡಬೇಕು. ಹಾಗೆ ಕೊಟ್ಟ ರಕ್ತದ ಕಬ್ಬಿಣಾಂಶ ಹೃದಯ ಮತ್ತು ಯಕೃತ್ತಿನಲ್ಲಿ ಶೇಖರಗೊಳ್ಳುವುದರಿಂದ ಅದನ್ನು ಹೊರಹಾಕುವ ಔಷಧಿಯೂ ಬೇಕು. ನಮ್ಮ ದೇಶದಲ್ಲಿ ಪ್ರತಿವರ್ಷ ಸುಮಾರು 10,000 ಮಕ್ಕಳು ಈ ರೋಗದೊಂದಿಗೆ ಜನಿಸುತ್ತಾರೆಂಬ ಅಂದಾಜಿದೆ. ಜನಸಂಖ್ಯೆಯ ಶೇ. 3ರಿಂದ 4ರಷ್ಟು ಮಂದಿ ಇದರ ವಾಹಕರು. ವಾಹಕರು ರೋಗಿಗಳಲ್ಲ, ಅವರಿಗೆ ತಾವು ವಾಹಕರೆಂಬುದೇ ತಿಳಿದಿರುವುದಿಲ್ಲ. ಇಬ್ಬರು ವಾಹಕರು ದಂಪತಿಗಳಾದಾಗ ಮಾತ್ರ ಪ್ರತಿಯೊಂದು ಗರ್ಭಧಾರಣೆಯಲ್ಲೂ ಶೇ. 25ರಷ್ಟು ಅಪಾಯವಿರುತ್ತದೆ. ‘ಪ್ರತಿಯೊಂದು’ ಎಂಬ ಪದವನ್ನು ಗಮನಿಸಬೇಕು. ಮೊದಲ ಮಗುವಿಗೆ ರೋಗ ಬಂದಿತು, ಇನ್ನು ಮೂವರು ಸುರಕ್ಷಿತರು ಎಂಬ ಲೆಕ್ಕಾಚಾರ ಶುದ್ಧ ತಪ್ಪು.

ಇಂತಹ ಮಗು ಹುಟ್ಟಿದ ಮನೆಯಲ್ಲಿ ಬೆರಳು ಯಾರ ಕಡೆಗೆ ತಿರುಗುತ್ತದೆ? ಸೊಸೆಯ ಕಡೆಗೆ. ‘ಅವಳ ತವರಿನಲ್ಲೇ ಏನೋ ಇದ್ದಿರಬೇಕು’ ಎಂಬ ಮಾತು, ಅನಂತರ ತವರಿಗೆ ಕಳುಹಿಸುವಿಕೆ, ಕೊನೆಗೆ ತಲಾಕ್. ವಿಜ್ಞಾನ ಹೇಳುವುದಾದರೂ ಏನು? ಮಗುವಿಗೆ ರೋಗ ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು ದೋಷಯುಕ್ತ ವಂಶವಾಹಿ ಬರಲೇಬೇಕು. ಪಾಲು ಸರಿಸಮ. 1997ರಲ್ಲಿ ಇರಾನ್ ದೇಶವು ವಿವಾಹಪೂರ್ವ ಥಲಸ್ಸೀಮಿಯಾ ತಪಾಸಣೆಯನ್ನು ಕಡ್ಡಾಯಗೊಳಿಸಿದಾಗ ಮೊದಲು ಗಂಡಿನ ರಕ್ತವನ್ನೇ ಪರೀಕ್ಷಿಸುವ ಕ್ರಮವನ್ನಿಟ್ಟಿತು. ಅವನಲ್ಲಿ ಸಂಶಯ ಕಂಡುಬಂದರೆ ಮಾತ್ರ ಹೆಣ್ಣಿನ ಪರೀಕ್ಷೆ. ನಮ್ಮಲ್ಲೂ ಇದೇ ಕ್ರಮ ಬಂದರೆ ಎಷ್ಟೋ ಹೆಣ್ಣುಮಕ್ಕಳ ಕಣ್ಣೀರು ತಪ್ಪೀತು.

ಸಂಬಂಧಿಕರೊಳಗಿನ ಮದುವೆಯ ವಿಷಯಕ್ಕೂ ಬರೋಣ, ಏಕೆಂದರೆ ನಮ್ಮನ್ನು ಹೀಗಳೆಯಲು ಇದನ್ನು ಬಳಸುವವರಿದ್ದಾರೆ. ದಕ್ಷಿಣ ಭಾರತದಲ್ಲಿ ಇದು ಯಾವುದೋ ಒಂದು ಸಮುದಾಯದ ರೂಢಿಯಲ್ಲ. ಕರ್ನಾಟಕದಲ್ಲಿ ಅಕ್ಕನ ಮಗಳನ್ನು ಮದುವೆಯಾಗುವ ಪದ್ಧತಿ ಹಲವು ಹಿಂದೂ ಜಾತಿಗಳಲ್ಲಿದೆ. ಇಸ್ಲಾಮಿನಲ್ಲಿ ಅದು ನಿಷಿದ್ಧ. ಚಿಕ್ಕಪ್ಪ, ಸೋದರಮಾವಂದಿರ ಮಕ್ಕಳೊಂದಿಗಿನ ವಿವಾಹಕ್ಕೆ ಅನುಮತಿಯಿದೆ, ಆಜ್ಞೆಯಿಲ್ಲ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ನಗರದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಗುವಿನಲ್ಲಿ ಜನ್ಮಜಾತ ನ್ಯೂನತೆಯ ಸಾಧ್ಯತೆ ಇಂತಹ ವಿವಾಹಗಳಲ್ಲಿ ಶೇ. 3ರಿಂದ ಶೇ. 6ಕ್ಕೆ ಏರುತ್ತದೆ. ಅಂದರೆ ಅಪಾಯ ಇಮ್ಮಡಿಯಾಗುತ್ತದೆ; ಆದರೂ ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ಎರಡೂ ಮಾತುಗಳು ಸತ್ಯ. ಹೊರಗಿನ ಸಂಬಂಧ ತಂದರೆ ಥಲಸ್ಸೀಮಿಯಾದ ಭಯವೇ ಇಲ್ಲವೆಂಬುದೂ ಸರಿಯಲ್ಲ, ವಾಹಕರು ಎಲ್ಲ ಕಡೆಯೂ ಇದ್ದಾರೆ.

ಇದನ್ನೆಲ್ಲ ಜನರಿಗೆ ತಿಳಿಸಿ ಹೇಳುವವರು ಯಾರು? ‘ಜೆನೆಟಿಕ್ ಕೌನ್ಸಿಲಿಂಗ್’ ಎಂಬ ಹೆಸರನ್ನು 1947ರಲ್ಲಿ ಅಮೆರಿಕದ ಶೆಲ್ಡನ್ ರೀಡ್ ಬಳಕೆಗೆ ತಂದರು. 1969ರಲ್ಲಿ ನ್ಯೂಯಾರ್ಕ್ ಸಮೀಪದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಅದರ ಪದವಿ ಶಿಕ್ಷಣ ಆರಂಭವಾಯಿತು. ಆ ಕಾಲದ ಸಲಹೆಗಾರರು ದೊಡ್ಡ ಆಸ್ಪತ್ರೆಯ ಕೋಣೆಯೊಂದರಲ್ಲಿ ಕುಳಿತಿರುತ್ತಿದ್ದರು. ರೋಗಪೀಡಿತ ಮಗು ಹುಟ್ಟಿದ ಮೇಲೆ ಬಂದ ತಂದೆ-ತಾಯಿಗೆ ವಂಶವೃಕ್ಷ ಬರೆದು ವಿವರಿಸುತ್ತಿದ್ದರು. ಈಗ ಪರೀಕ್ಷೆಗಳು ಹೆರಿಗೆ ಆಸ್ಪತ್ರೆಗೆ, ಕ್ಯಾನ್ಸರ್ ವಿಭಾಗಕ್ಕೆ, ಹಳ್ಳಿಯ ಆರೋಗ್ಯ ಕೇಂದ್ರಕ್ಕೂ ಬಂದಿವೆ. 2023ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನ ಅಭಿಯಾನವೊಂದರಲ್ಲೇ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿಯಿದೆ. ಇಷ್ಟು ಮಂದಿಗೆ ತರಬೇತಿ ಪಡೆದ ಸಲಹೆಗಾರರು ಎಲ್ಲಿಂದ ಬರಬೇಕು? ಆದ್ದರಿಂದ ಪ್ರಾಥಮಿಕ ತಿಳುವಳಿಕೆ ನೀಡುವ ಹೊಣೆ ಸ್ತ್ರೀರೋಗ ತಜ್ಞರು, ಮಕ್ಕಳ ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರ ಹೆಗಲಿಗೆ ಬೀಳುತ್ತಿದೆ. ಅವರನ್ನು ತಯಾರು ಮಾಡುವುದು, ಅರ್ಥ ಸ್ಪಷ್ಟವಾಗದ ವರದಿಗಳನ್ನು ಬಿಡಿಸುವುದು, ಸಂಕೀರ್ಣ ಕುಟುಂಬಗಳೊಡನೆ ಕುಳಿತು ಮಾತನಾಡುವುದು ಸಲಹೆಗಾರರ ಹೊಸ ಕೆಲಸವಾಗಿದೆ.

ಪರೀಕ್ಷೆ ಬಂದು ಸಲಹೆ ಬಾರದಿದ್ದರೆ ಏನಾಗುತ್ತದೆಂಬುದಕ್ಕೆ ಗ್ರೀಸ್ ದೇಶದ ಆರ್ಕೊಮೆನೋಸ್ ಎಂಬ ಊರಿನ ಕಥೆ ಸಾಕು. ಅಲ್ಲಿ ಸಿಕಲ್ ಸೆಲ್ ತಪಾಸಣೆ ನಡೆಸಿ ಫಲಿತಾಂಶ ತಿಳಿಸಲಾಯಿತು. ವರ್ಷಗಳ ಬಳಿಕ, 1970ರ ದಶಕದಲ್ಲಿ, ಮತ್ತೆ ಹೋಗಿ ನೋಡಿದಾಗ ವಾಹಕರಿಗೆ ಕಳಂಕ ಅಂಟಿತ್ತು, ಕೆಲವರು ವಿಷಯವನ್ನು ಬಚ್ಚಿಟ್ಟು ಮದುವೆಯಾಗಿದ್ದರು, ಅಪಾಯದ ಜೋಡಿಗಳು ಕಡಿಮೆಯಾಗಿರಲಿಲ್ಲ. ಇನ್ನೊಂದೆಡೆ ಸೌದಿ ಅರೇಬಿಯಾದಲ್ಲಿ 2004ರಲ್ಲಿ ತಪಾಸಣೆ ಕಡ್ಡಾಯವಾಯಿತು. ತೀರ್ಮಾನ ಮಾತ್ರ ಜೋಡಿಗೇ ಬಿಟ್ಟದ್ದು. ಮೊದಲ ವರ್ಷ ಅಪಾಯವಿದ್ದ ಜೋಡಿಗಳಲ್ಲಿ ಶೇ. 9ರಷ್ಟು ಮಂದಿ ಸಂಬಂಧವನ್ನು ಸ್ವಇಚ್ಛೆಯಿಂದ ಕೈಬಿಟ್ಟರು. 2009ರ ವೇಳೆಗೆ ಅದು ಶೇ. 52ರ ಸಮೀಪಕ್ಕೆ ಬಂತು. ಆರಂಭದಲ್ಲಿ ಜನ ಯಾಕೆ ಒಪ್ಪಲಿಲ್ಲವೆಂಬುದು ನಮಗೆ ಅರ್ಥವಾಗದ್ದೇನಲ್ಲ. ಆಮಂತ್ರಣ ಪತ್ರ ಹಂಚಿ, ಹಾಲ್ ಗೊತ್ತುಮಾಡಿದ ಮೇಲೆ ಯಾವ ತಂದೆ ಹಿಂದೆ ಸರಿದಾನು? ಆದುದರಿಂದ ಪರೀಕ್ಷೆ ನಿಶ್ಚಿತಾರ್ಥದ ಹೊಸ್ತಿಲಲ್ಲಲ್ಲ, ಕಾಲೇಜಿನ ವಯಸ್ಸಿನಲ್ಲೇ ಆಗಬೇಕು. ವರದಿಯು ಹುಡುಗ ಅಥವಾ ಹುಡುಗಿಯ ಕೈಯಲ್ಲಿರಬೇಕೇ ಹೊರತು ಮದುವೆ ದಲ್ಲಾಳಿಯ ಚೀಲದಲ್ಲಲ್ಲ.

ಈಗಾಗಲೇ ಮದುವೆಯಾದ ವಾಹಕ ದಂಪತಿಗಳು ಕೈಚೆಲ್ಲಬೇಕಾಗಿಲ್ಲ. ಗರ್ಭದ ಸುಮಾರು 11ನೇ ವಾರದಿಂದಲೇ ಭ್ರೂಣದ ಪರೀಕ್ಷೆ ಸಾಧ್ಯ. ಗಂಭೀರ ವೈಕಲ್ಯವು ವೈದ್ಯಕೀಯವಾಗಿ ದೃಢಪಟ್ಟರೆ 120 ದಿನಗಳೊಳಗಿನ ಗರ್ಭಪಾತಕ್ಕೆ ಮಕ್ಕಾದ ಫಿಕ್ಹ್ ಅಕಾಡೆಮಿ 1990ರಲ್ಲಿ ಷರತ್ತುಬದ್ಧ ಅವಕಾಶ ನೀಡಿದೆ. ಭಿನ್ನಾಭಿಪ್ರಾಯವುಳ್ಳ ಉಲಮಾಗಳೂ ಇದ್ದಾರೆ. ಇಲ್ಲಿ ಸಲಹೆಗಾರರು ‘ಹೀಗೆಯೇ ಮಾಡಿ’ ಎನ್ನಲಾರರು. ಅವರ ವೃತ್ತಿಧರ್ಮವೇ ಅದನ್ನು ತಡೆಯುತ್ತದೆ. ನಮ್ಮ ಜನರೋ, ‘ನೀವೇ ಹೇಳಿಬಿಡಿ ಡಾಕ್ಟ್ರೇ’ ಎನ್ನುವವರು. ನಿರ್ಧಾರ ದಂಪತಿಗಳದ್ದು. ಅತ್ತೆ-ಮಾವಂದಿರು ಆ ಕೋಣೆಯಿಂದ ಸ್ವಲ್ಪ ಹೊತ್ತು ಹೊರಗಿದ್ದರೆ ಒಳಿತು.

ಕೊನೆಗೊಂದು ವಿನಂತಿ. ಇಂದು ಮನೆಗೆ ಮರಳಿದ ಮೇಲೆ ನಿಮ್ಮ ಮಕ್ಕಳ ಹಳೆಯ ಸಿಬಿಸಿ ರಕ್ತಪರೀಕ್ಷೆಯ ವರದಿಯನ್ನು ತೆಗೆದು ನೋಡಿ. ಅದರಲ್ಲಿ ‘ಎಂಸಿವಿ’ ಎಂಬ ಸಾಲಿರುತ್ತದೆ. ದೊಡ್ಡ ಮಕ್ಕಳಲ್ಲಿ ಆ ಸಂಖ್ಯೆ 80ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶದ ಕೊರತೆಯೂ ಕಾರಣವಿರಬಹುದು, ಥಲಸ್ಸೀಮಿಯಾ ವಾಹಕತ್ವವೂ ಇರಬಹುದು. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಸುವ ಮೊದಲು, ಎಚ್‌ಬಿಎ2 ಪರೀಕ್ಷೆ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ.